ಅಕ್ಕನ ಹುಟ್ಟಿದ ದಿನ

ಲಿಫ್ಟ್ ಮೆಕ್ಯಾನಿಕ್ಕನ ನಿವೃತ್ತಿಗೆ ಎರಡೇ ತಿಂಗಳಿತ್ತು. ಅವನ ಪಿಎಫ್ ಅರ್ಜಿಯಲ್ಲಿ ನಾಮಿನಿಯಾಗಿ ತೀರಿಹೋದ ಅಮ್ಮನೇ ಇನ್ನೂ ಕೂತಿದ್ದಳು.

"ಸ್ವರ್ಗಕ್ಕೆ ಚೆಕ್ ಕಳಿಸೋಕಾಗಲ್ಲ ಸಾರ್, ಬೇರೆ ಯಾರನ್ನಾದ್ರೂ ಬರೀರಿ. ಅವರ ಹುಟ್ಟಿದ ತಾರೀಖೂ ಬೇಕು," ಎಂದಳು ಗುಮಾಸ್ತೆ.

ಅವನಿಗೆ ಉಳಿದವಳು ಅಕ್ಕ ಒಬ್ಬಳೇ. ಅಮ್ಮ ಸತ್ತ ದಿನ ಜಗಳವಾಡಿದ ಮೇಲೆ ಹನ್ನೊಂದು ವರ್ಷ ಮಾತಿಲ್ಲ, ಕತೆಯಿಲ್ಲ. ತಾರೀಖಿಗಾಗಿ ಫೋನ್ ಮಾಡಲೇಬೇಕಾಯಿತು.

"ಯಾರು?" ಎಂದಳು ಅಕ್ಕ.

ಆಫೀಸಿನಲ್ಲಿ ಎಲ್ಲರ ದನಿ ಅಣಕಿಸಿ ನಗಿಸುತ್ತಿದ್ದವನಿಗೆ ಸ್ವಂತ ದನಿಯೇ ಹೊರಡಲಿಲ್ಲ. ಕೊನೆಗೆ ಅಮ್ಮನ ದನಿ ತೆಗೆದ: "ಏನೇ ಹುಡುಗಿ, ಊಟ ಆಯ್ತೇನೇ?"

ಆ ಕಡೆ ಅಕ್ಕ ಟೀವಿ ಆರಿಸಿದಳು.

"ಇನ್ನೊಂದ್ಸಲ ಹೇಳೋ, ಕೋತಿ."

ಹೇಳಿದ. ಮತ್ತೆ ಮತ್ತೆ ಹೇಳಿದ. ತಾರೀಖು ಕೇಳಿದರೆ, ಇದಕ್ಕೇ ಫೋನ್ ಮಾಡಿದ ಅಂದುಕೊಂಡಾಳೆಂದು ಹೆದರಿ, ಅರ್ಜಿಯಲ್ಲಿ ಆ ಕಾಲಂ ಖಾಲಿ ಬಿಟ್ಟ.