ಅಣ್ಣನ ಪಾಲು

ನಾಗರ ಪಂಚಮಿಗೆ ನಮ್ಮಣ್ಣ ಕರೆಯಲು ಬರದೇ ಇರಲಪ್ಪಾ ಎಂದು ಮಸ್ಕಿ ಗುಡ್ಡದ ಮಲ್ಲಯ್ಯನಿಗೆ ಹರಕೆ ಹೊತ್ತ ಹೆಣ್ಣು ಆ ಸೀಮೆಯಲ್ಲೆಲ್ಲ ಗದ್ದೆಮ್ಮ ಒಬ್ಬಳೇ ಇರಬೇಕು. ಉಳಿದ ಸೊಸೆಯಂದಿರು ಹಬ್ಬದ ಮುಂಚಿನ ಎಂಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತವರಿನ ಹಾದಿ ಕಾಯುತ್ತಾರೆ. ಅಣ್ಣನೋ ತಮ್ಮನೋ ಬಂಡಿ ಕಟ್ಟಿಕೊಂಡು ಬಂದರೆ ಸೈ, ಬರದಿದ್ದರೆ ಅತ್ತೆಯ ಬಾಯಿಗೆ ಹಬ್ಬ. ಗದ್ದೆಮ್ಮನೂ ಹದಿಮೂರು ವರ್ಷ ಹಾಗೇ ಕಾದವಳು. ಅವಳ ಅಣ್ಣ ಅಮರಗುಂಡಪ್ಪ ಒಂದು ವರ್ಷವೂ ತಪ್ಪಿಸಿದವನಲ್ಲ. ಹಳ್ಳ ತುಂಬಿ ಬಂದ ವರ್ಷ ಬಂಡಿ ಆಚೆಗೇ ಬಿಟ್ಟು, ಉಂಡಿಯ ಗಂಟನ್ನು ತಲೆಗೆ ಬಿಗಿದುಕೊಂಡು ಈಜಿ ಬಂದಿದ್ದ. ಬೆಲ್ಲವೆಲ್ಲ ಕರಗಿ ಮುಖದ ಮೇಲೆ ಸೋರುತ್ತಿತ್ತು. ಅಂಥ ಹುಚ್ಚ.

ಆ ವರ್ಷ ಅಧಿಕ ಶ್ರಾವಣ ಬಂದು ಪಂಚಮಿ ಒಂದು ತಿಂಗಳು ಮುಂದಕ್ಕೆ ಹೋಗಿತ್ತು. ಆ ಅಧಿಕ ಮಾಸದಲ್ಲೇ ಅಮರಗುಂಡಪ್ಪ ಲಿಂಗಸುಗೂರಿನ ಕಡೆಯ ತನ್ನೂರಿನಲ್ಲಿ ಚಾವಡಿ ಹತ್ತಿ ಮೂರು ಬಣ್ಣದ ಧ್ವಜ ಕಟ್ಟಿಬಿಟ್ಟ. ನಿಜಾಮನ ರಾಜ್ಯದಲ್ಲಿ ಅದೇನು ಹುಡುಗಾಟವೇ? ಅವನ ಜೊತೆಗಿದ್ದವನು ಸಿಕ್ಕಿಬಿದ್ದ. ಹೊಡೆದ ಹೊಡೆತಕ್ಕೆ ಮೂರನೇ ದಿನಕ್ಕೆ ಹೆಣವಾದ. ಅಮರಗುಂಡಪ್ಪ ಮಾತ್ರ ತುಂಬಿದ ಕೃಷ್ಣೆಯನ್ನು ಹರಿಗೋಲಿನಲ್ಲಿ ದಾಟಿ ಆಚೆ ದಂಡೆ ಸೇರಿಕೊಂಡ. ಆಚೆಗೆ ಬೇರೆ ಸರ್ಕಾರ, ನಿಜಾಮನ ಪೊಲೀಸರ ಕೈ ಹೋಗದು. ಅಲ್ಲೇ ಇದ್ದರೆ ಬದುಕಿದ, ಈಚೆಗೆ ಬಂದರೆ ಸತ್ತ. ಲೆಕ್ಕ ಇಷ್ಟೇ ಇತ್ತು.

ಇನ್ನು ಗದ್ದೆಮ್ಮನ ಗಂಡ ಲಾಲಪ್ಪ ಯಾರು? ಮಸ್ಕಿಯಿಂದ ಎರಡು ಹರದಾರಿ ದೂರದ ಹಳ್ಳಿಯ ತಳವಾರ. ಸರ್ಕಾರದ ಬಡಿಗೆ ಹಿಡಿದು ಊರು ಕಾಯುವವನು, ಠಾಣೆಯ ದೊಡ್ಡವನಾದ ಅಮೀನ ಕೆಮ್ಮಿದರೆ ಎದ್ದು ನಿಲ್ಲುವವನು. ಪಂಚಮಿಗೆ ಎಂಟು ದಿನವಿರುವಾಗ ಠಾಣೆಯಿಂದ ಬಂದವನು ಬಡಿಗೆಯನ್ನು ಮೂಲೆಗೆ ಇಟ್ಟು, ಕಾಲು ತೊಳೆಯದೆ ಒಳಗೆ ಬಂದು ಬಾಗಿಲು ಮುಂದೆ ಮಾಡಿದ.

"ಅಮೀನ ಕರಿಸಿದ್ದ. ಸಿಂಧನೂರು ಕಡಿಂದ ಹೊಸದಾಗಿ ಬಂದಾನಲ್ಲ, ಆತ. 'ಪಂಚಮಿಗೆ ಅಣ್ಣ ತಂಗಿನ್ನ ಕರ್ಯಾಕ ಬಂದೇ ಬರ್ತಾನಲ್ಲೋ ತಳವಾರ? ಬರಲಿ. ನಮ್ಮವರು ಸಾದಾ ಅರಿವ್ಯಾಗ ನಿಮ್ಮೂರ ಚಾವಡ್ಯಾಗ ಕುಂತಿರ್ತಾರ' ಅಂದ."

ಗದ್ದೆಮ್ಮ ಗಂಡನ ಹತ್ತಿರ ಸರಿದಳು. "ನೀ ಏನಂದಿ?"

"ಏನಂತೀನಿ? ಹೂಂ ಅಂದೆ. 'ಈ ಮಾತು ನಿನ್ನೊಬ್ಬಗ ಹೇಳೀನಿ, ಹೊರಗ ಬಿದ್ದರ ನೀನ ಬಿಟ್ಟಿ ಅಂತ ತಿಳಕೊಂತೀನಿ, ನಿನ್ನ ಮೈಮ್ಯಾಲಿನ ಚರ್ಮ ಉಳಿಯಂಗಿಲ್ಲ' ಅಂದಾನ ಅಮೀನ." ಲಾಲಪ್ಪ ಮಲಗಿದ್ದ ಮೂರು ಮಕ್ಕಳ ಕಡೆ ಕೈ ಮಾಡಿದ. "ಇವರ ತಲಿ ಮುಟ್ಟಿ ಆಣಿ ಮಾಡು. ಯಾರಿಗೂ ಹೇಳಂಗಿಲ್ಲ."

ಅವಳು ಒಂದೊಂದೇ ತಲೆ ಮುಟ್ಟಿ ಆಣೆ ಮಾಡಿದಳು. ಪಾಪ, ಲಾಲಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವಳಿಗೆ ಹೇಳುತ್ತಲೇ ಇರಲಿಲ್ಲ.

ಆಣೆ ಮಾಡಿದ್ದೇನೋ ಸರಿ, ಅಣ್ಣನನ್ನು ತಡೆಯುವುದು ಹೇಗೆ? ಪೊಲೀಸರು ಕಾದಿದ್ದಾರೆ ಎಂದು ಹೇಳಿ ಕಳಿಸುವಂತಿಲ್ಲ. ಆ ಮಾತು ಹೋಗಿ ಮುಟ್ಟುವಷ್ಟರಲ್ಲಿ ಹತ್ತು ಕಿವಿ ದಾಟಿರುತ್ತದೆ, ಹನ್ನೊಂದನೆಯದು ಅಮೀನನದ್ದೇ. ಬರೀ 'ಬರಬೇಡ' ಎಂದರೆ ಅವನು ಕೇಳುವ ಆಸಾಮಿಯೇ ಅಲ್ಲ. ಬರಬೇಡ ಅಂದಿದ್ದಾಳೆಂದರೆ ಏನೋ ಕಷ್ಟವಿದೆ ಎಂದು ಅದಕ್ಕೇ ಎದ್ದು ಬರುವವನು. ಮೂರು ದಿನ ಯೋಚಿಸಿ ಗದ್ದೆಮ್ಮ ಒಂದು ತೀರ್ಮಾನಕ್ಕೆ ಬಂದಳು. ಅವನ ಮನಸ್ಸು ಮುರಿಯಬೇಕು. ಮುಖ ನೋಡಲು ಹೇಸುವಷ್ಟು ಮುರಿಯಬೇಕು. ಬದುಕಿದ್ದರೆ ಮುಂದೆಂದಾದರೂ ಕಾಲು ಹಿಡಿದು ಹೇಳಿಕೊಳ್ಳಬಹುದು.

ಮುರಿಯುವುದಕ್ಕೆ ಅವಳ ಕೈಯಲ್ಲಿ ಒಂದು ವಸ್ತುವಿತ್ತು. ಅಮರಗುಂಡಪ್ಪನಿಗೆ ಮದುವೆಯಾದ ಎಂಟು ವರ್ಷದ ಮೇಲೆ ಗಂಡುಕೂಸು ಹುಟ್ಟಿತ್ತು. ಅಧಿಕ ಮಾಸದಲ್ಲಿ ತೊಟ್ಟಿಲು ಬೇಡವೆಂದು ಹೆಸರಿಡುವುದನ್ನು ಪಂಚಮಿಗೆ ಇಟ್ಟುಕೊಂಡಿದ್ದರು. ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು, ತಲೆಗೆ ಕುಲಾವಿ ಹಾಕುವವಳು ಸೋದರತ್ತೆ. ಎಂದರೆ ಗದ್ದೆಮ್ಮ. ಆ ಕುಲಾವಿಯನ್ನು ಅವಳು ಬಿಳಿ ನೂಲಿನಲ್ಲಿ ತಾನೇ ಹೆಣೆದಿದ್ದಳು. ಓಣಿಯ ಮೈಮುನಾಬಿ ನಮಾಜಿನ ಟೋಪಿಗಳನ್ನು ಕ್ರೋಶಾ ಸೂಜಿಯಲ್ಲಿ ಹೆಣೆದು ಮಾರುವವಳು. ಅವಳ ಪಕ್ಕ ಕುಳಿತು, ತಪ್ಪಿದಾಗೆಲ್ಲ ಕೈಮೇಲೆ ಪೆಟ್ಟು ತಿಂದು, ಮೂರು ವಾರದಲ್ಲಿ ಕಲಿತ ಕೆಲಸ. ಅಂಚಿಗೆ ಸಣ್ಣ ಸಣ್ಣ ಕಮಾನು ಬಂದಿತ್ತು. "ಅಲ್ಲಾನ ಕಸಂ, ನನಗಿಂತ ಚಲೋ ಹೆಣದಿ ಬೇ" ಎಂದು ಮೈಮುನಾಬಿಯೇ ಅಂದಿದ್ದಳು.

ಗದ್ದೆಮ್ಮ ಹೊಸ್ತಿಲ ಮೇಲೆ ಕುಳಿತು ಅದರ ಕೊನೆಯ ಗಂಟು ಬಿಚ್ಚಿ ಎಳೆದಳು. ಕ್ರೋಶಾದ ಹಣೆಬರಹವೇ ಅದು. ಒಂದು ತುದಿ ಸಿಕ್ಕರೆ ಇಡೀ ಟೋಪಿ ಸರಸರ ಬಿಚ್ಚಿ ಬರುತ್ತದೆ. ನೂಲನ್ನೆಲ್ಲ ಉಂಡೆ ಸುತ್ತಿ ಮೈಮುನಾಬಿಯ ಗಂಡ ಇಮಾಮ್‌ಸಾಬನ ಹತ್ತಿರ ಒಯ್ದಳು. ಪಂಚಮಿಯ ಮುಂದೆ ಬಳೆಯ ಮಲಾರ ಹೊತ್ತು ಲಿಂಗಸುಗೂರು ಕಡೆಯ ಹಳ್ಳಿಗಳನ್ನೆಲ್ಲ ತಿರುಗುವವನು ಅವನು.

"ಕೂಸಿನ ಕುಲಾವಿ ಬಿಚ್ಚಿದ ನೂಲಿದು, ನಮ್ಮತ್ತಿಗಿ ಕೈಯಾಗ ಕೊಡು, ಇಮಾಮ್‌ಸಾಬಣ್ಣ. ಅಣ್ಣಗ ಮುಟ್ಟಿಸಲಿ. ಆತ ಬಾವುಟ ಕಟ್ಟಿದ್ದಕ್ಕ ನನ್ನ ಗಂಡನ ತಳವಾರಕಿ ಹೋಗೂ ಹಂಗ ಆಗೈತಿ. ಆತನ ಕೂಸಿಗೆ ನಾ ಅತ್ತಿ ಅಲ್ಲ, ನನ್ನ ಕರ್ಯಾಕ ಬರಬ್ಯಾಡ. ಈ ಸಲ ಹುತ್ತಕ್ಕ ಹಾಲೆರಿಯೂವಾಗ ಅಣ್ಣನ ಪಾಲು ಅಂತ ನಾ ಅನ್ನಂಗಿಲ್ಲ ಅಂತ ಹೇಳು."

ಇಮಾಮ್‌ಸಾಬ ಕೈ ಹಿಂದಕ್ಕೆ ಎಳೆದುಕೊಂಡ. ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಒಬ್ಬೊಬ್ಬರ ಹೆಸರಲ್ಲಿ ಹುತ್ತಕ್ಕೆ ಹಾಲೆರೆಯುವುದು ಹೆಣ್ಣುಮಕ್ಕಳ ರೂಢಿ. ಬದುಕಿರುವವನ ಪಾಲು ಬಿಡುವುದೆಂದರೆ ಅವನನ್ನು ಸುಟ್ಟು ಬಂದಂತೆ.

"ತೋಬಾ ತೋಬಾ! ಬಳಿ ಇಡಸಾವ ನಾನು, ಇಂಥ ಮಾತು ಹೊರಾವಲ್ಲ. ನಾಳಿಗಿ ನೀನ ಅಳ್ತಿ."

"ಅಳ್ತೀನಿ ಬಿಡು. ನೀ ಹೇಳು, ಸಾಕು."

ಒಳಗಿನಿಂದ ಮೈಮುನಾಬಿ ಎಲ್ಲ ಕೇಳಿಸಿಕೊಂಡಿದ್ದಳು. ಹೊರಗೆ ಬಂದು ನೂಲಿನ ಉಂಡೆ ನೋಡಿದಳು, ಗದ್ದೆಮ್ಮನ ಮುಖ ನೋಡಿದಳು. "ನನ್ನ ಹೊಸ್ತಿಲ ತುಳಿಬ್ಯಾಡ ಇನ್ನ" ಎಂದು ಬಾಗಿಲು ಹಾಕಿಕೊಂಡಳು. ಗದ್ದೆಮ್ಮನಿಗೆ ಅಳು ಒತ್ತಿ ಬಂತು, ಜೊತೆಗೇ ಒಂದು ಸಮಾಧಾನವೂ ಆಯಿತು. ಮೈಮುನಾಬಿಯೇ ಇಷ್ಟು ನೊಂದಳೆಂದರೆ ಅಣ್ಣ ಖಂಡಿತ ಬರಲಾರ ಎಂದುಕೊಂಡಳು.

ಹಬ್ಬ ಬಂತು. ಮಕ್ಕಳಿರುವ ಮನೆ, ಬಿಡುವುದುಂಟೇ? ಗದ್ದೆಮ್ಮ ಶೇಂಗಾ ಹುರಿದು ಉಂಡಿ ಕಟ್ಟಿದಳು, ಎಳ್ಳುಂಡಿ ಕಟ್ಟಿದಳು, ಜೋಳದ ಅಳ್ಳು ಹುರಿದಳು, ತಂಬಿಟ್ಟಿಗೆ ಏಲಕ್ಕಿ ಕುಟ್ಟಿದಳು. ಬೆಲ್ಲದ ಪಾಕ ಹದ ತಪ್ಪಿ ಒಂದು ಸಲ ಕಲ್ಲಾಯಿತು, ಮತ್ತೆ ಕಾಯಿಸಿದಳು. ಬೆಳಗಿನಿಂದ ಚಾವಡಿಯ ಕಟ್ಟೆಯ ಮೇಲೆ ಕುರಿ ವ್ಯಾಪಾರದವರಂತೆ ಕಂಬಳಿ ಹೊದ್ದ ನಾಲ್ವರು ಕೂತಿದ್ದರು. ಕುರಿಯವರಿಗೆ ಅಂಥ ಬೂಟು ಎಲ್ಲಿಂದ ಬಂದೀತು! ಲಾಲಪ್ಪ ಅವರಿಗೆ ನೀರು ತಂದುಕೊಡುತ್ತ, ಸುಣ್ಣ ಕೇಳಿದರೆ ಸುಣ್ಣ ಕೊಡುತ್ತ ನಿಂತಿದ್ದ. ಅಮೀನ ಚಾವಡಿಯ ಒಳಗೆ ಖುರ್ಚಿ ಹಾಕಿಸಿಕೊಂಡಿದ್ದ.

ಗದ್ದೆಮ್ಮ ಓಣಿಯ ಹೆಂಗಸರ ಜೊತೆ, ಮಕ್ಕಳನ್ನು ಕರೆದುಕೊಂಡು ಊರ ಹೊರಗಿನ ಹುತ್ತಕ್ಕೆ ಹೋದಳು. ಅಪ್ಪನ ಪಾಲು, ಅವ್ವನ ಪಾಲು ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಆಮೇಲೆ ತುಟಿ ಮಾತ್ರ ಅಲ್ಲಾಡಿಸಿ ಇನ್ನೊಂದು ಹನಿ ಎರೆದಳು. ಹೊತ್ತು ನೆತ್ತಿಯಿಂದ ಇಳಿಯಿತು. ಯಾರೂ ಬರಲಿಲ್ಲ. ಊರಿಗೆ ಮರಳಿದ ಹೆಂಗಸರು ಚಾವಡಿಯ ಪಕ್ಕದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. "ಬಾರವ್ವ, ತವರಿಂದ ಯಾರೂ ಬರಲಿಲ್ಲಂತ ಎಷ್ಟಂತ ಮಾರಿ ಇಳಿಬಿಡ್ತಿ" ಎಂದು ಎಳೆದು ಕೂರಿಸಿದರು. ಅವಳು ಜೀಕಿದಳು. ಎಷ್ಟೋ ದಿನದ ಮೇಲೆ ಮನಸ್ಸು ಹಗುರಾಯಿತು. ಗೆದ್ದೆ ಎಂದುಕೊಂಡಳು ಮೂಳಿ.

ಜೋಕಾಲಿ ಮೇಲಕ್ಕೆ ಹೋದಾಗ ಬಂಡಿ ಕಂಡಿತು.

ಎತ್ತಿಗೆ ಗೆಜ್ಜೆ ಕಟ್ಟಿತ್ತು. ಅಮರಗುಂಡಪ್ಪ ತಲೆಗೆ ಪೂರಾ ಹೊಸ ರುಮಾಲು ಸುತ್ತಿಕೊಂಡು ಎತ್ತಿನ ಮುಂದೆ ನಡೆದು ಬರುತ್ತಿದ್ದ, ಮದುವೆಗೆ ಬಂದವನಂತೆ. ಬಂಡಿಯಲ್ಲಿ ಅತ್ತಿಗೆ, ಅವಳ ತೊಡೆಯ ಮೇಲೆ ಕೂಸು, ಪಕ್ಕದಲ್ಲಿ ಉಂಡಿಯ ಬುಟ್ಟಿ. ಗದ್ದೆಮ್ಮ ಜೋಕಾಲಿಯಿಂದ ಹಾರಿ ಬಿದ್ದು ಮೊಣಕಾಲು ಕಿತ್ತುಕೊಂಡು ಓಡಿದಳು. ಅವಳಿಗಿಂತ ಮೊದಲು ಕಂಬಳಿಯವರು ಮುಟ್ಟಿದರು. ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಅವನ ರುಮಾಲಿನಿಂದಲೇ ಅವನ ಕೈ ಹಿಂದಕ್ಕೆ ಕಟ್ಟಿದರು.

ಅತ್ತಿಗೆ ಬಂಡಿಯಿಂದ ಧುಮುಕಿ ಗದ್ದೆಮ್ಮನ ಎದುರು ನಿಂತು ಎದೆ ಎದೆ ಬಡಿದುಕೊಂಡಳು. "ಬರಾಂಗಿದ್ದಿಲ್ಲವ್ವಾ ಈತ! ಈ ವರ್ಸ ಬ್ಯಾಡ, ತಂಗಿ ತಿಳಕೊಂತಾಳ ಅಂತ ಆಚಿ ದಂಡ್ಯಾಗ ಸುಮ್ಮನ ಕುಂತಿದ್ದ. ನಿನ್ನ ನೂಲು ಬಂತು ನೋಡು, ಅನ್ನ ಬಿಟ್ಟ. ಬರಬ್ಯಾಡ, ಅಣ್ಣನ ಪಾಲು ಎರಿಯಂಗಿಲ್ಲ ಅಂತ ಹೇಳಿ ಕಳಿಸಿದ್ಯಲ್ಲ, ಅದಕ್ಕ ಹೊಳಿ ದಾಟಿ ಬಂದ. ಕೂಸಿನ್ನ ಆಕಿ ಉಡ್ಯಾಗ ಹಾಕಿದರ ಸಿಟ್ಟು ಇಳೀತೈತಿ ಅಂದ!"

ಅಮೀನ ಚಾವಡಿಯಿಂದ ನಿಧಾನವಾಗಿ ಇಳಿದು ಬರುತ್ತಿದ್ದವನು ಅಲ್ಲೇ ನಿಂತ. ಮುಖದ ನಗು ಹೋಯಿತು.

"ಬರಬ್ಯಾಡ ಅಂತ ಹೇಳಿ ಕಳಿಸಿದ್ದಳೇ? ಯಾಕ?" ಅವನು ಲಾಲಪ್ಪನ ಕಡೆ ತಿರುಗಿದ. "ತಳವಾರ, ನಾವು ಕಾಯ್ತೀವಿ ಅಂತ ನಿನ್ನ ಹೆಂಡ್ತಿಗೆ ಯಾರು ಹೇಳಿದ್ರು?"

ಲಾಲಪ್ಪ ಬಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಕ್ಕಳ ಕಡೆ ನೋಡಿದ. ಕಂಬಳಿಯವರಲ್ಲಿ ಒಬ್ಬ ಅವನ ಹಿಂದೆ ಬಂದು ನಿಂತ. ಮೂರು ಮಕ್ಕಳು ಬೇವಿನ ಮರದ ಕೆಳಗೆ ಉಂಡಿ ಕಚ್ಚುತ್ತ ನೋಡುತ್ತಿದ್ದವು.

ಗದ್ದೆಮ್ಮನಿಗೆ ಯೋಚಿಸುವಷ್ಟು ಹೊತ್ತಿರಲಿಲ್ಲ. ಒಬ್ಬ ಹೋಗಿಯೇ ಹೋದ. ಇನ್ನೊಬ್ಬನಾದರೂ ಉಳಿಯಬೇಕು.

"ಯಾರೂ ಹೇಳಿಲ್ಲ, ಸಾಹೇಬ್ರ" ಎಂದಳು. ದನಿ ಅವಳಿಗೇ ಬೇರೆಯವರದ್ದೆಂಬಂತೆ ಕೇಳಿಸಿತು. "ಆತನ ಮ್ಯಾಲೆ ವಾರಂಟು ಐತಂತ ಊರಿಗೇ ಗೊತ್ತು. ಆತನ ಗುಣ ನನಗ ಗೊತ್ತಿಲ್ಲೇನ್ರಿ? ಬಾ ಅಂದ್ರ ಬರಾಂಗಿದ್ದಿಲ್ಲ. ಬರಬ್ಯಾಡ ಅಂದ್ರ ಬರ್ತಾನಂತ ಗೊತ್ತಿತ್ತು, ಅದಕ್ಕ ಹಂಗ ಹೇಳಿ ಕಳಿಸಿದೆ. ನಮ್ಮ ತಳವಾರಕಿ ಉಳೀಲಿ ಅಂತ ನಾನ ಕರಿಸೀನಿ."

ಅಮೀನ ಅವಳನ್ನು ಒಂದು ಗಳಿಗೆ ನೋಡಿದ. ಆಮೇಲೆ ಲಾಲಪ್ಪನ ಬೆನ್ನು ಚಪ್ಪರಿಸಿದ. "ಶಾಬಾಸ್! ನಿನಗಿಂತ ನಿನ್ನ ಹೆಂಡ್ತಿನೇ ಹುಷಾರ್ ಇದ್ದಾಳಲ್ಲೋ."

ಅತ್ತಿಗೆಯ ಅಳು ನಿಂತುಹೋಯಿತು. ಹುತ್ತದಿಂದ ಜೊತೆಗೆ ಬಂದಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಅಮರಗುಂಡಪ್ಪ ತಂಗಿಯನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ತಪ್ಪಿಸಿದರೆ ಅಮೀನನಿಗೆ ಗೊತ್ತಾಗುತ್ತಿತ್ತು. ಅವನು ಬೈಯಲಿಲ್ಲ, ಉಗುಳಲಿಲ್ಲ. ಹೆಂಡತಿಯ ಕಡೆ ತಿರುಗಿದ.

"ಬಂಡಿ ತಿರುಗಿಸು. ಹೊತ್ತು ಮುಳುಗೂದ್ರಾಗ ಹಳ್ಳ ದಾಟು. ಕೂಸಿಗೆ ಬಾಯಾರಿಕಿ ಆದ್ರೂ ಈ ಊರಾಗ ನೀರು ಕೇಳಬ್ಯಾಡ."

ಅವನನ್ನು ಮಸ್ಕಿಯ ಹಾದಿಗೆ ನಡೆಸಿಕೊಂಡು ಹೋದರು. ಗದ್ದೆಮ್ಮ ನಿಂತಲ್ಲೇ ನಿಂತಿದ್ದಳು. ಅಣ್ಣಾ ಎಂದು ಒಂದು ಸಲ ಕೂಗಲೂ ಇಲ್ಲ. ಕೂಗಿದ್ದರೆ ನಿಜ ಬಾಯಿಂದ ಬಂದುಬಿಡುತ್ತಿತ್ತು, ಅಮೀನ ಇನ್ನೂ ಕೇಳುವಷ್ಟು ಹತ್ತಿರದಲ್ಲಿದ್ದ.