ಠರಾವಿನಲ್ಲಿ ಎದ್ದ ಗೋಡೆ

ಎಣ್ಣೆಯ ಕಲೆ. ನಮ್ಮ ಓಣಿ ಜೀರ್ಣೋದ್ಧಾರ ಸಂಘ ಎಂದೊಡನೆ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟುವುದು ಅದೊಂದೇ. ಸಂಘದ ಠರಾವು ಪುಸ್ತಕದಲ್ಲಿ, ನನ್ನ ಸಹಿಯ ಮೇಲುಗಡೆ, ಹೆಬ್ಬೆರಳಗಲದ ಕಲೆ. ಬೆಳಕಿಗೆ ಹಿಡಿದರೆ ಆಚೆ ಪುಟದ ಅಕ್ಷರ ಕಾಣುವಷ್ಟು ಎಣ್ಣೆ ಕುಡಿದಿತ್ತು ಆ ಹಾಳೆ. ಆ ಹೆಬ್ಬೆರಳು ನನ್ನದೇ.

ತಿಂಗಳಿಗೊಮ್ಮೆ ಅಧ್ಯಕ್ಷ ಮಹಾರುದ್ರಪ್ಪನವರ ಪಡಸಾಲೆಯಲ್ಲಿ ಸಭೆ. ನಾವು ಎಂಟು ಜನ ಸದಸ್ಯರು. ನಮ್ಮ ಓಣಿಯ ಕುಸಿದ ಮಣ್ಣಿನ ಗೋಡೆಗಳನ್ನು ಎಬ್ಬಿಸಲೆಂದು ದೂರದ ಊರಿನ ಧರ್ಮಸಂಸ್ಥೆಯೊಂದು ಹಣ ಕಳಿಸುತ್ತಿತ್ತು. ಯಾರ ಮನೆಗೆ ಎಷ್ಟೆಂದು ಗೊತ್ತುಮಾಡಿ ಠರಾವು ಬರೆಯುವುದು, ಕೆಲಸ ಮುಗಿದ ಮೇಲೆ ಮುಗಿಯಿತೆಂದು ಬರೆಯುವುದು ನಮ್ಮ ಹೊಣೆ. ಬರೆಯುವವನು ಕಾರ್ಯದರ್ಶಿ ಗುರುಪಾದ. ಆದರೆ ಅವನು ನಮ್ಮೆದುರು ಒಂದಕ್ಷರ ಬರೆದದ್ದನ್ನು ನಾನು ಕಾಣೆ. ಒಳಗಿನಿಂದ ಗಿರಮಿಟ್ಟು, ಮಿರ್ಚಿ ಭಜಿ ಬರುತ್ತಿದ್ದಂತೆ ಖಾಲಿ ಹಾಳೆಯ ಬುಡಕ್ಕೆ ಬೆರಳಿಟ್ಟು ಪುಸ್ತಕ ದಾಟಿಸುತ್ತಿದ್ದ.

“ಇಲ್ಲೊಂದು ಸಹಿ ಒಗೀರಿ. ಮ್ಯಾಲಿಂದು ನಾ ಸಾವಕಾಶ ಬರಕೋತೀನಿ. ತಿಂದ ಮ್ಯಾಲ ನೀವ್ಯಾರೂ ಕೂಡೂದಿಲ್ಲ, ನನಗ ಗೊತ್ತೈತಿ.”

ನಾವು ನಗುತ್ತಿದ್ದೆವು, ಸಹಿ ಒಗೆಯುತ್ತಿದ್ದೆವು. ಪುಸ್ತಕ ಸುತ್ತಿ ಕೊನೆಗೆ ನನ್ನ ಕೈಗೆ ಬರುವಷ್ಟರಲ್ಲಿ ನಾನು ಎರಡು ಮಿರ್ಚಿ ಮುಗಿಸಿರುತ್ತಿದ್ದೆ. ಮೂವತ್ತೊಂದು ವರ್ಷ ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು ನಾನು. ಖಾಲಿ ಬಾಟಲಿಗೆ ಒಂದು ದಿನವೂ ಚೀಟಿ ಹಚ್ಚಿದವನಲ್ಲ. ಅಂಥವನು ವರ್ಷಗಟ್ಟಲೆ ಖಾಲಿ ಹಾಳೆಗೆ ಸಹಿ ಹಾಕಿದೆ. ಥೂ, ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.

ಸಂಕವ್ವ ನಮ್ಮ ಮನೆಯ ಹಿಂದಿನ ಸಂದಿಯವಳು. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಟ್ಟು ಬದುಕುವ ಒಂಟಿ ಹೆಂಗಸು. ಅವಳ ಅಡಿಗೆಮನೆಯ ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬಿ, ಎರಡು ಬೊಂಬುಗಳ ಆಸರೆಯಲ್ಲಿ ನಿಂತಿತ್ತು. ಗೋಡೆಯ ಬುಡದಲ್ಲೇ ಒಲೆ. ಬಿದ್ದರೆ ಒಲೆಯ ಮೇಲೆ, ಅದರ ಮುಂದೆ ಕೂತವಳ ಮೇಲೆ. ಕಂಡಾಗಲೆಲ್ಲ ಅವಳದು ಒಂದೇ ಪ್ರಶ್ನೆ.

“ಸಾಹೇಬ್ರ, ನನ್ನ ಪಾಳಿ ಯಾವಾಗ್ರೀ?”

“ಬರ್ತೈತಿ ತಡಿಯವಾ. ಒಬ್ಬೊಬ್ಬರದ ಆಗಬೇಕಲ್ಲ.”

ಮೂರು ವರ್ಷ ತಡೆದಳು. ಪಾಪ, ನನ್ನ ಮಾತನ್ನು ಅವಳು ನಂಬಿದ್ದಳು.

ಆ ವರ್ಷ ಧರ್ಮಸಂಸ್ಥೆಯಿಂದ ಒಬ್ಬ ಹೆಣ್ಣುಮಗಳು ತಪಾಸಣೆಗೆ ಬಂದರು. ಠರಾವು ಪುಸ್ತಕ ಹಿಡಿದು, ಅದರಲ್ಲಿದ್ದ ಮನೆಗಳನ್ನು ಒಂದೊಂದಾಗಿ ನೋಡುತ್ತ ನಡೆದರು. ಸಂಕವ್ವನ ಗೋಡೆ ನೋಡಿದವರೇ ಸೀದಾ ನನ್ನ ಮನೆಗೆ ಬಂದು, ಪುಸ್ತಕ ತೆರೆದು ನನ್ನ ಮುಂದಿಟ್ಟರು.

“ಇದು ನಿಮ್ಮ ಸಹಿ ತಾನೇ?”

“ಹೌದ್ರಿ.”

“ಹಾಗಾದರೆ ಮೇಲಿನದನ್ನು ಓದಿ.”

ಓದಿದೆ. ಸಂಕವ್ವನ ಹಳೆಯ ಗೋಡೆ ಕೆಡವಿ ಹೊಸದನ್ನು ಕಟ್ಟಿಸಲಾಗಿದೆ, ಕೆಲಸ ಸಂಪೂರ್ಣ ಮುಗಿದಿದೆ ಎಂದು ಗುರುಪಾದನ ದುಂಡನೆಯ ಅಕ್ಷರ. ಬರೆದು ಒಂದೂವರೆ ವರ್ಷವಾಗಿತ್ತು. ಅಂದರೆ ಅದಾದಮೇಲೂ ನಾನು ಅವಳಿಗೆ ‘ತಡಿಯವಾ’ ಎನ್ನುತ್ತಲೇ ಇದ್ದೆ.

ಆಕೆ ಎಣ್ಣೆಯ ಕಲೆಯ ಮೇಲೆ ಬೆರಳಿಟ್ಟರು. “ಇಲ್ಲಿ ನೋಡಿ. ಎಣ್ಣೆಯ ಮೇಲೆ ಶಾಯಿ ಹತ್ತಿಲ್ಲ, ಅಕ್ಷರಗಳು ಅಲ್ಲಲ್ಲಿ ತುಂಡಾಗಿವೆ. ಕಲೆ ಮೊದಲು ಬಿದ್ದಿದೆ, ಬರವಣಿಗೆ ಆಮೇಲೆ ಬಂದಿದೆ. ನೀವು ಸಹಿ ಮಾಡಿದಾಗ ಈ ಹಾಳೆಯಲ್ಲಿ ಏನಿತ್ತು?”

ಮುದುಕನಾದ ಮೇಲೆ ಮಗಳ ವಯಸ್ಸಿನವಳ ಮುಂದೆ ತಲೆ ತಗ್ಗಿಸುವುದೆಂದರೆ ಏನೆಂದು ಅಂದು ಗೊತ್ತಾಯಿತು. “ಏನೂ ಇರಲಿಲ್ಲ,” ಎಂದೆ.

“ಅದನ್ನೇ ಬರೆದುಕೊಡಿ. ಗೋಡೆ ಕಟ್ಟಿಲ್ಲವೆಂದು ಹೆಚ್ಚಿನ ಸದಸ್ಯರು ಒಪ್ಪಿದರೆ ಈ ವರ್ಷದ ಕೊನೆಯ ಕಂತಿನಲ್ಲಿ ಸಂಕವ್ವನವರ ಹೆಸರು ಸೇರಿಸಬಹುದು. ಇಲ್ಲವೆಂದರೆ ಇಲ್ಲ. ನಮ್ಮ ಸಂಸ್ಥೆಯಲ್ಲಿ ನಾನು ಕಣ್ಣಾರೆ ಕಂಡದ್ದಕ್ಕಿಂತ ನಿಮ್ಮ ಸಹಿ ದೊಡ್ಡದು.”

ಮರುದಿನ ತುರ್ತುಸಭೆ. ಮಹಾರುದ್ರಪ್ಪನವರ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ. ಬಾಗಿಲವರೆಗೆ ಬಂದು, ಹೆಗಲ ಮೇಲೆ ಕೈಹಾಕಿ ನನ್ನನ್ನು ಕರೆದೊಯ್ದು ಕೂರಿಸಿದರು.

“ಗುರುಪಾದ ಗಡಬಡಿಯೊಳಗ ಒಂದು ತಪ್ಪು ಮಾಡ್ಯಾನ. ಅದಕ್ಕಂತ ಇಡೀ ಓಣಿ ಮಾನ ಕಳಕೊಳ್ಳೂದೇನು? ಎಲ್ಲಾರೂ ಕೂಡಿ ಒಂದು ಹೇಳಿಕಿ ಕೊಡೂಣು. ಓದೋ ಗುರುಪಾದ.”

ಗುರುಪಾದ ಓದಿದ. ಗೋಡೆಗೆ ಬೇಕಾದ ಇಟ್ಟಿಗೆ, ಸಿಮೆಂಟು, ಕಬ್ಬಿಣವನ್ನೆಲ್ಲ ಸಂಕವ್ವನ ವಶಕ್ಕೆ ಕೊಡಲಾಗಿತ್ತು. ಆಕೆ ಅವನ್ನು ಮಾರಿಕೊಂಡು ಸಂಘಕ್ಕೆ ಮೋಸ ಮಾಡಿರುವುದು ಈಗ ತಿಳಿದುಬಂದಿದೆ.

ನಾನು ಒಬ್ಬೊಬ್ಬರ ಮುಖ ನೋಡಿದೆ. ಎಲ್ಲರೂ ಅವಳ ರೊಟ್ಟಿ ಉಂಡವರೇ. ಒಬ್ಬನೂ ತಲೆ ಎತ್ತಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಮಿರ್ಚಿ ಬಂತು. ಅಂಥ ದಿನವೂ ಬಂತು.

“ಆಕಿ ಇಟ್ಟಂಗಿ ಮಾರಿದ್ದು ನೋಡಿದವರು ಯಾರು?” ಎಂದೆ.

“ನೋಡೂದೇನು ಬಂತು. ಬರದು ಕೊಟ್ರ ಮುಗೀತು,” ಎಂದ ಗುರುಪಾದ.

“ಆ ಹೆಣ್ಣಮಗಳು ದಿನಾ ಬೊಂಬಿನ ಕೆಳಗ ಕುಂತು ರೊಟ್ಟಿ ಬಡೀತಾಳ. ಆಕೀನ ಕಳ್ಳಿ ಮಾಡಾಕ ನಿಮಗ ಹೇಸಿಗಿ ಆಗೂದಿಲ್ಲ?”

ಮಹಾರುದ್ರಪ್ಪನವರು ತಟ್ಟೆಯನ್ನು ನನ್ನ ಕಡೆ ಸರಿಸಿದರು. “ಉಂಡ ಮನಿ ಜಂತಿ ಎಣಸಬ್ಯಾಡ್ರಿ, ಕಂಪೌಂಡರ್. ಇಷ್ಟು ವರ್ಷ ಇಲ್ಲೇ ತಿಂದೀರಿ. ನಿಮ್ಮ ಸಹಿನೂ ಅದರಾಗ ಐತಿ.”

ಆ ಮಾತು ನಾಟಿತು. ಅವರು ಆಡಿದ್ದರಲ್ಲಿ ಅದೊಂದೇ ನಿಜ. ನಾನು ತಟ್ಟೆ ಮುಟ್ಟದೆ ಎದ್ದೆ. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿರುಗಿ ನೋಡಿದರೆ ಏಳೂ ಜನ ಸಾಲಾಗಿ ಬಚ್ಚಲಿನ ಕಡೆ ಹೋಗುತ್ತಿದ್ದರು. ಈ ಸಲ ಎಲ್ಲರೂ ಕೈ ತೊಳೆದುಕೊಂಡು ಬಂದು ಸಹಿ ಮಾಡಿದರು.

ನಾನು ನನ್ನದನ್ನು ಬೇರೆ ಬರೆದುಕೊಟ್ಟೆ. ತಿಂಗಳಾದ ಮೇಲೆ ಧರ್ಮಸಂಸ್ಥೆಯಿಂದ ಪತ್ರ ಬಂತು. ಬಹುಮತದ ಹೇಳಿಕೆಯನ್ನು ಒಪ್ಪಲಾಗಿದೆ, ಸಂಕವ್ವನಿಗೆ ಮುಂದೆ ಯಾವ ನೆರವೂ ಸಲ್ಲದು, ಇನ್ನುಮೇಲೆ ಠರಾವು ಪುಸ್ತಕವನ್ನು ಸ್ವಚ್ಛವಾಗಿಡತಕ್ಕದ್ದು. ಗುರುಪಾದ ಪುಸ್ತಕಕ್ಕೆ ಹೊಸ ಹೊದಿಕೆ ಹಾಕಿಸಿದ. ಮಹಾರುದ್ರಪ್ಪನವರು ಅಧ್ಯಕ್ಷರಾಗಿಯೇ ಉಳಿದರು. ಓಣಿಯ ಹುಡುಗರು ಆ ಬಡವಿಯನ್ನು ಇಟ್ಟಂಗಿ ಸಂಕವ್ವ ಎಂದು ಕರೆಯತೊಡಗಿದರು.

ಅವಳ ಮನೆಗೆ ಹೋಗಲು ನನಗೆ ನಾಲ್ಕು ದಿನ ಬೇಕಾಯಿತು. ಹೋದಾಗ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಕೋಣೆಯ ತುಂಬ ಹೊಗೆ. ನಡೆದುದನ್ನೆಲ್ಲ ಹೇಳಿದೆ, ನನ್ನ ಸಹಿಯನ್ನೂ ಮುಚ್ಚಿಡಲಿಲ್ಲ. ಅವಳ ಕೈ ನಿಲ್ಲಲಿಲ್ಲ.

“ನನ್ನ ಪಿಂಚಣಿಯೊಳಗ ಇಷ್ಟಿಷ್ಟು ತಗದು ನಾನ ಕಟ್ಟಸ್ತೀನಿ, ಸಂಕವ್ವಾ. ಎಷ್ಟ ದಿನ ಹಿಡದ್ರೂ ಹಿಡೀಲಿ,” ಎಂದೆ.

ಅವಳು ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ಕೇಳಿದಳು.

“ಆ ಪುಸ್ತಕದಾಗ ನನ್ನ ಗೋಡಿ ಹೆಂಗಂತ ಬರದಾರ್ರೀ?”

ನನಗೆ ಅದು ಬಾಯಿಪಾಠವಾಗಿಹೋಗಿತ್ತು. “ಕಲ್ಲಿನ ಬುನಾದಿ. ಇಟ್ಟಂಗಿ ಗೋಡಿ, ಒಳಗ ಹೊರಗ ಗಿಲಾವು. ಮ್ಯಾಲ ಸುಣ್ಣ. ಕಬ್ಬಿಣದ ಸರಳಿಂದು ಎರಡು ಕಿಡಕಿ.”

ಸಂಕವ್ವ ತಿರುಗಿ ಆ ಉಬ್ಬಿದ ಗೋಡೆಯನ್ನು ಬಹಳ ಹೊತ್ತು ನೋಡಿದಳು. ಅದರಲ್ಲಿ ಒಂದು ಬೆಳಕಿಂಡಿಯೂ ಇರಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡಳು.

“ಎರಡು ಯಾಕ ಬೇಕಿತ್ರೀ,” ಎಂದಳು. “ಒಂದು ಇದ್ರ ಸಾಕಾಗ್ತಿತ್ತು.”

ಹಂಚಿನ ಮೇಲೆ ರೊಟ್ಟಿ ಒಂದು ಮಗ್ಗುಲು ಸೀದಿತ್ತು. ಅವಳು ಅದನ್ನು ಬರಿಗೈಯಲ್ಲೇ ಮಗುಚಿದಳು.