ಕೋಡಿ ಹಳ್ಳದ ಮಣ್ಣು

ಕೊಟ್ಟಿಗೆಯ ಹಿಂದೆ, ಕೆರೆ ಏರಿಯ ಬುಡದಲ್ಲಿ ಉಕ್ಕುತ್ತಿದ್ದ ನೀರಿಗೆ ರಾಜಾಸಾಬ್ ಬೊಗಸೆಯೊಡ್ಡಿದ. ಎತ್ತಿ ನೋಡಿದರೆ ಕೆಂಪು ರಾಡಿ. ಚೆಲ್ಲಿ ಮತ್ತೊಮ್ಮೆ ಹಿಡಿದ. ಈ ಸಲವೂ ಅದೇ. ನೀರು ಬೆರಳ ಸಂದಿಯಿಂದ ಸೋರಿಹೋದ ಮೇಲೆ ಅಂಗೈಯಲ್ಲಿ ನುಣ್ಣನೆಯ ಮಣ್ಣು ಉಳಿಯಿತು.

"ಯಕ್ಕಾ, ಇದು ಯಾವಾಗಿಂದ ಹಿಂಗ ಬರಾಕ ಹತ್ತೈತಿ?"

"ಮುಂಜಾನಿ ತಿಳಿ ಇತ್ತೋ ತಮ್ಮಾ," ಎಂದಳು ಅನ್ನದಾನಮ್ಮ. ಕೊಟ್ಟಿಗೆ ಅವಳದೇ. "ಮೊಮ್ಮಗಳ ಅರಿವಿ ಇದರಾಗ ಒಗದೀನಿ. ಉಂಡು ಕೈ ತೊಳಕೊಂಡು ಬರೋದ್ರಾಗ ನೋಡು, ಹಿಂಗ ಆಗೈತಿ. ಅದಕ್ಕ ನಿನಗ ಹೇಳಿ ಕಳಿಸಿದ್ದು."

ಆ ಬುಗ್ಗೆ ಕಾಣಿಸಿಕೊಂಡು ಇನ್ನೂ ನಾಲ್ಕಾರು ದಿನ. ಮೊದಲ ದಿನ ಓಣಿಯ ಹೆಂಗಸರೆಲ್ಲ ಬಂದು, ಗಂಗವ್ವ ತಾನಾಗಿ ಹಿತ್ತಲಿಗೆ ನಡೆದು ಬಂದಾಳೆ ಎಂದು ಅರಿಶಿನ ಕುಂಕುಮ ಏರಿಸಿ ಹೋಗಿದ್ದರು. ಬೇಸಿಗೆಯಿಡೀ ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡಿದವರು ಅವರು. ಕಾಲಬುಡದಲ್ಲೇ ನೀರು ಚಿಮ್ಮಿದರೆ ಹಿಗ್ಗದೆ ಇನ್ನೇನು ಮಾಡಿಯಾರು?

ಹಿಗ್ಗಬೇಡಿ ಎಂದು ಹೇಳಿದವನು ಒಬ್ಬನೇ, ನೀರಾವರಿ ಇಲಾಖೆಯ ಎಂಜಿನಿಯರ್ ಅರುಣಕುಮಾರ್. ತಿಳಿನೀರು ಬಂದರೆ ಬರಲಿ, ರಾಡಿ ಬಂತೆಂದರೆ ಏರಿಯ ಹೊಟ್ಟೆಯೊಳಗಿನ ಮಣ್ಣು ಕೊಚ್ಚಿ ಬರುತ್ತಿದೆ ಎಂದೇ ತಿಳಿಯಿರಿ, ಕೋಡಿಗೆ ಒಟ್ಟಿದ ಚೀಲಗಳನ್ನು ಮೊದಲು ಕಿತ್ತು ಹಾಕಿ, ಹೆಚ್ಚಿನ ನೀರು ಹರಿದು ಹೋಗಲಿ ಎಂದು ಗಂಟಲು ಹರಿಯುವಂತೆ ಹೇಳಿದ್ದ. ಅವನಿಗೆ ಎದೆಯೊಡ್ಡಿ ನಿಂತು, "ನನ್ನ ಹೆಣದ ಮ್ಯಾಲ ಕಾಲಿಟ್ಟು ಚೀಲಕ್ಕ ಕೈ ಹಚ್ಚು," ಎಂದವನು ಇದೇ ರಾಜಾಸಾಬ್. ಈಗ ಅಂಗೈಯಲ್ಲಿ ಏರಿಯ ಮಣ್ಣು ಹಿಡಿದು ನಿಂತವನೂ ಅವನೇ.

ಕೋಡಿಗೆ ಚೀಲ ಒಟ್ಟಿದ್ದು ನೀರಿನ ಆಸೆಗಲ್ಲ. ಈ ಕೆರೆ ಕೋಡಿ ಬಿದ್ದದ್ದನ್ನು ಕಂಡವರು ಊರಲ್ಲಿ ಮುದುಕರು ಮಾತ್ರ. ಅದು ಇನ್ನು ತುಂಬುವುದುಂಟೇ ಎಂದು ಜನ ಕೋಡಿಯ ನೀರು ಹರಿಯಬೇಕಾದ ಹಳ್ಳವನ್ನು ಮರೆತೇಬಿಟ್ಟಿದ್ದರು. ಉಳಿದ ಕಡೆ ಹಾರೆ ಹಾಕಿದರೆ ಕಿಡಿ ಹಾರುವ ನೆಲ; ಹಳ್ಳದಲ್ಲಿ ಮಾತ್ರ ಮೆತ್ತನೆಯ ಮಣ್ಣು, ಗುಂಡಿ ತೋಡಲು ಸಲೀಸು. ಸ್ಮಶಾನಕ್ಕೆಂದು ಸರಕಾರ ಕೊಟ್ಟ ಜಾಗ ಗುಡ್ಡದ ಮೇಲಿತ್ತು. ಹೆಣ ಹೊತ್ತು ಅಷ್ಟು ದೂರ ಹತ್ತುವವರು ಯಾರು? ಹಾಗಾಗಿ ಹಳ್ಳದ ಈ ದಂಡೆಗೆ ಲಿಂಗವಂತರು, ಆ ದಂಡೆಗೆ ಸಾಬರು ತಮ್ಮತಮ್ಮವರನ್ನು ಮಣ್ಣು ಮಾಡುತ್ತ ಬಂದರು. ಬದುಕಿದ್ದಾಗ ಒಂದೇ ಹೋಟೆಲಿನ ಬೆಂಚಿನಲ್ಲಿ ಕೂತು ಚಾ ಕುಡಿದವರು, ಸತ್ತ ಮೇಲೆ ಒಂದೇ ಹಳ್ಳದ ಎರಡು ದಂಡೆ ಹಂಚಿಕೊಂಡಿದ್ದರು.

ಈ ವರ್ಷದ ಮಳೆ ಆ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ಕೆರೆ ಕೋಡಿಯ ಕಲ್ಲಿನವರೆಗೆ ಏರಿದಾಗ ಊರಿಗೆ ಊರೇ ಗೊಬ್ಬರದ ಚೀಲಗಳಿಗೆ ಗರಸು ಮಣ್ಣು ತುಂಬಿ, ಕೋಡಿಗೆ ಅಡ್ಡ ಗೋಡೆ ಕಟ್ಟಿತು. ರಾಜಾಸಾಬ್ ತನ್ನ ಪಂಪ್‌ಸೆಟ್ ರಿಪೇರಿ ಅಂಗಡಿ ಮುಚ್ಚಿ, ಹಗಲೆಲ್ಲ ನಿಂತು ಚೀಲದ ಬಾಯಿ ಹೊಲಿದ. ಅವನ ಮಗಳು ಮೆಹರೀನ, ಹಡಗಲಿಯಲ್ಲಿ ಡಿಗ್ರಿ ಓದುತ್ತಿದ್ದವಳು, ಕಾಮಾಲೆಯಾಗಿ ತೀರಿಕೊಂಡು ಇನ್ನೂ ನಲವತ್ತನೇ ದಿನದ ಫಾತಿಹಾ ಕೂಡ ಆಗಿರಲಿಲ್ಲ. ಹಳ್ಳದ ಅಂಚಿಗೆ ಎಲ್ಲಕ್ಕಿಂತ ಹತ್ತಿರ ಇದ್ದದ್ದು, ಎಲ್ಲಕ್ಕಿಂತ ಹಸಿಯಾಗಿದ್ದದ್ದು ಅವಳ ಗೋರಿಯೇ.

ರಾಡಿ ಕಂಡ ಮೇಲೂ ರಾಜಾಸಾಬ್ ಕೋಡಿಯ ಕಡೆ ಹೋಗಲಿಲ್ಲ, ತೂಬಿನ ಕಡೆ ಓಡಿದ. ತೂಬು ಎತ್ತಿದರೆ ನೀರು ಕಾಲುವೆಗಾದರೂ ಹೋಗುತ್ತದಲ್ಲ! ತೂಬಿನ ಸರಳಿಗೆ ಪೈಪ್ ಪಾನಾ ಹಾಕಿ ಮೈಯೆಲ್ಲ ಭಾರ ಬಿಟ್ಟು ಜಗ್ಗಿದ. ಸರಳು ಗರಗರ ತಿರುಗಿತು, ಬಾಗಿಲು ಮೇಲೇಳಲಿಲ್ಲ. ತುಕ್ಕು ಹಿಡಿದು ಸರಳಿನ ತಿರುಪಿನ ಹಲ್ಲುಗಳೇ ಸವೆದು ಹೋಗಿದ್ದವು. ವಾಪಸು ಬಂದು ಬುಗ್ಗೆಯ ಬಾಯಿಗೆ ಗರಸು, ಜಲ್ಲಿ, ಹುಲ್ಲಿನ ಪೆಂಡಿ ಹಾಕಿ ತುಳಿಸಿದ. ನೀರು ಅಲ್ಲಿ ನಿಂತಂತೆ ಮಾಡಿ, ನಾಲ್ಕು ಮಾರು ಆಚೆ ಅನ್ನದಾನಮ್ಮನ ಒಲೆಗೋಡೆಯ ಬುಡದಿಂದ ಎದ್ದಿತು.

ಕೊನೆಗೆ ನಾಚಿಕೆ ನುಂಗಿ ಅರುಣಕುಮಾರನಿಗೆ ಫೋನು ಮಾಡಿದ.

"ಹೊರಟೀನಿ, ಆದ್ರ ದಾರ್‍ಯಾಗ ಹಳ್ಳ ತುಂಬಿ ರಸ್ತೆ ಬಂದಾಗೈತಿ," ಎಂದ ಎಂಜಿನಿಯರ್. ಹಿಂದಿನ ಜಗಳದ ಮಾತೆತ್ತಲಿಲ್ಲ. "ನಾ ಬರೋತನಕ ಕಾಯಬ್ಯಾಡ್ರಿ. ಓಣಿ ಖಾಲಿ ಮಾಡಿಸ್ರಿ. ಕೋಡಿ ಬಿಡ್ರಿ. ಕೈ ಮುಗೀತೀನಿ, ಈಗ್ಲೇ ಬಿಡ್ರಿ."

ಓಣಿ ಖಾಲಿ ಮಾಡುವುದು ಬಾಯಲ್ಲಿ ಹೇಳಿದಷ್ಟು ಸುಲಭವೇ? ಹಾಸಿಗೆ ಹಿಡಿದ ಮುದುಕರು, ಬಾಣಂತಿಯರು, ಹಗ್ಗ ಬಿಚ್ಚಿದರೂ ಹೆಜ್ಜೆ ಎತ್ತದ ದನ. ಹೊರಬೀಳಲು ಇದ್ದದ್ದು ಒಂದೇ ದಾರಿ, ಅದೂ ಏರಿಯ ಬುಡದಲ್ಲೇ. ರಾಜಾಸಾಬನ ಹೆಂಡತಿ ಶರೀಫಾ ಬೀ ಆಗಲೇ ಬಂದು ಅನ್ನದಾನಮ್ಮನ ಮೊಮ್ಮಗಳನ್ನು ಸೊಂಟಕ್ಕೇರಿಸಿಕೊಂಡು, ಇನ್ನೊಂದು ಕೈಯಲ್ಲಿ ಕುರುಡು ಮುದುಕಿಯೊಬ್ಬಳನ್ನು ಹಿಡಿದು ಆ ರಾಡಿಯಲ್ಲಿ ನಡೆಯುತ್ತಿದ್ದಳು. ಏರಿ ಈ ಗಳಿಗೆಯಲ್ಲಿ ಬಾಯಿಬಿಟ್ಟರೆ ಎಂದು ನೆನೆದು ರಾಜಾಸಾಬ್ ಕೋಡಿಯ ಕಡೆ ಓಡಿದ.

ಕೋಡಿಯ ಹತ್ತಿರ ಜನ ಸೇರಿತ್ತು. ಮಳೆ ಜಿನುಗುತ್ತಿತ್ತು. ಚೀಲದ ಗೋಡೆಯ ಮುಂದೆ ಹಿರಿಯ ಶಿವಯೋಗಪ್ಪ ಕಂಬಳಿ ಕೊಪ್ಪೆ ಹಾಕಿಕೊಂಡು, ಕೋಲೂರಿ ಕಾವಲು ನಿಂತಿದ್ದ.

"ರಾಡಿ ಬರಾಕ ಹತ್ತೈತಿ, ಅಜ್ಜಾರ," ಎಂದ ರಾಜಾಸಾಬ್.

"ಬರಲಿ. ಇನ್ನೂ ನಾಕು ಟ್ರ್ಯಾಕ್ಟರ್ ಮಣ್ಣು ತಂದು ಏರಿಗೆ ಹಾಕ್ರಿ."

"ಏರಿ ಮ್ಯಾಲ ಟ್ರ್ಯಾಕ್ಟರ್ ಹತ್ತಿದ್ರ ಅದರ ಕೂಡ ಏರೀನೂ ಕುಸೀತೈತ್ರಿ."

"ಹಂಗಂತ ಇದನ್ನ ಬಿಚ್ಚಂತೀಯೇನು?" ಮುದುಕ ಕೋಲನ್ನು ನೆಲಕ್ಕೆ ಕುಟ್ಟಿದ. "ನಮ್ಮಪ್ಪ ಅದಾನ ಇಲ್ಲಿ. ನಮ್ಮಣ್ಣ ಅದಾನ. ಒಮ್ಮೆ ಸತ್ತವರನ್ನ ಮತ್ತೊಮ್ಮೆ ನೀರಾಗ ಮುಳುಗಿಸಿ ಸಾಯಿಸಂತೀಯೇನಲೇ? ಮೊನ್ನಿ ಎಂಜಿನೀರನ ಎದಿಗೆ ಎದಿ ಕೊಟ್ಟವ ನೀನ ಅಲ್ಲೇನು?"

ಹೌದು, ಅವನೇ. ಜನ ಅವನ ಮುಖವನ್ನೇ ನೋಡುತ್ತಿದ್ದರು. ಚೀಲ ತೆಗೆಯದೆ ಗತಿಯಿಲ್ಲವೆಂದು ಎಲ್ಲರಿಗೂ, ಶಿವಯೋಗಪ್ಪನಿಗೂ ಗೊತ್ತಿತ್ತು. ಆದರೆ ತೆಗೆಯಿರಿ ಎಂದು ಯಾವ ಬಾಯಿ ಹೇಳಬೇಕು?

ಏದುಸಿರು ಬಿಡುತ್ತ ಹತ್ತಿ ಬಂದ ಅನ್ನದಾನಮ್ಮ ಅವನ ಪಕ್ಕದಲ್ಲಿ ನಿಂತು ಹಳ್ಳದ ಕಡೆ ನೋಡಿದಳು. "ನಮ್ಮನಿಯವರು ಅಲ್ಲೇ ಕುಂತಾರ," ಎಂದಳು, ಕೂರಿಸಿ ಮಣ್ಣು ಮಾಡಿದ ಗಂಡನನ್ನು ನೆನೆದು. "ನಿನ್ನ ಮಗಳು ಮಲಗ್ಯಾಳ. ನನ್ನ ಮನ್ಯಾಗ ಒಲಿ ಮುಳುಗೈತಿ ತಮ್ಮಾ, ಆದ್ರೂ ಚೀಲ ತಗೀರಿ ಅಂತ ನನ್ನ ಬಾಯಿಲೆ ಬರವಲ್ದು. ನಿನ್ನ ಕೂಸಿನ ಮಣ್ಣು ಇನ್ನೂ ಹಸಿ ಐತಿ. ನೀ ಏನಂತೀ, ಅದ ಆಗಲಿ."

ಏರಿಯ ಕೆಳಗಿಂದ ಯಾರೋ ಕೂಗಿಕೊಂಡರು. ಕೊಟ್ಟಿಗೆಯ ಹಿಂದಿನ ಗೋಡೆ ಬಿತ್ತಂತೆ.

ರಾಜಾಸಾಬ್ ಶಿವಯೋಗಪ್ಪನನ್ನು ದಾಟಿ ಹೋಗಿ ಮೇಲುಸಾಲಿನ ಚೀಲವೊಂದಕ್ಕೆ ಕೈ ಹಾಕಿದ. ನೆನೆದ ಗರಸು ಕಲ್ಲಾಗಿ ಕೂತಿತ್ತು. ಮುದುಕ ಅವನ ರಟ್ಟೆ ಹಿಡಿದ. ಹಿಡಿತ ವಯಸ್ಸಿಗೆ ಮೀರಿದ್ದು. ರಾಜಾಸಾಬ್ ತಿರುಗಿ ಅವನ ಮುಖ ನೋಡಿದ. ಆಮೇಲೆ ಶಿವಯೋಗಪ್ಪ ಕೋಲು ಬಿಸಾಕಿ, "ಒಬ್ಬನ ಕೈಲಿ ಆಗಂಗಿಲ್ಲ, ತಡಿ," ಎಂದು ಚೀಲದ ಇನ್ನೊಂದು ಕಿವಿ ಹಿಡಿದ.

ಅದನ್ನೇ ಕಾಯುತ್ತಿದ್ದವರಂತೆ ಉಳಿದವರೂ ಬಂದರು. ಚೀಲ ಕಿತ್ತಲ್ಲೆಲ್ಲ ನೀರು ಮೊದಲು ನಾಲಗೆಯಷ್ಟು ಇಣುಕಿತು, ಆಮೇಲೆ ದಬದಬ ಬಿದ್ದು ಹಳ್ಳಕ್ಕಿಳಿಯಿತು. ನೋಡಬಾರದು ಅಂದುಕೊಂಡೇ ರಾಜಾಸಾಬ್ ನೋಡಿದ. ನೀರು ದಂಡೆಯನ್ನು ಸವರಿಕೊಂಡು ಬಂದು ಮೆಹರೀನಳ ಗೋರಿಯ ಬುಡ ತಟ್ಟಿತು. ಒಂದು ಬದಿ ಜರಿಯಿತು. ತಲೆಯ ಕಡೆ ಅವನೇ ಇಟ್ಟಿದ್ದ ಕಲ್ಲು ವಾಲಿ, ಮಗುಚಿ, ಒಳಗೆ ಹೋಯಿತು. ನೀರಲ್ಲಿಟ್ಟ ಬೆಲ್ಲದ ಹಾಗೆ ಉಳಿದದ್ದೂ ಕರಗಿ, ಅಲ್ಲೊಂದು ಗೋರಿ ಇತ್ತು ಎಂಬ ಗುರುತೂ ಉಳಿಯಲಿಲ್ಲ. ಏರಿ ನಿಂತೀತೋ ಇಲ್ಲವೋ, ಇಷ್ಟಾದ ಮೇಲೂ ಯಾರಿಗೂ ಗೊತ್ತಿರಲಿಲ್ಲ. ಅವನು ಬಗ್ಗಿ ಮತ್ತೊಂದು ಚೀಲ ಎಳೆದ.

"ಏನ್ರಿ."

ಶರೀಫಾ ಬೀ ಹಿಂದೆ ನಿಂತಿದ್ದಳು. ಸೊಂಟದ ಕೂಸನ್ನು ಎಲ್ಲೋ ಇಳಿಸಿ ಬಂದಿದ್ದಳು. ಸೀರೆ ಮೊಳಕಾಲ ತನಕ ರಾಡಿ. ಹೆಂಗಸರು ಗೋರಿಗಳ ಕಡೆ ಬರುವ ವಾಡಿಕೆ ಅವರಲ್ಲಿಲ್ಲ. ಮಗಳನ್ನು ಹೊಸ್ತಿಲವರೆಗೆ ಕಳಿಸಿ ಒಳಗೆ ಕುಸಿದವಳು, ಗೋರಿಯನ್ನು ಒಮ್ಮೆಯೂ ಕಂಡವಳಲ್ಲ. ಗಂಡ ಚೀಲ ಎಳೆಯುತ್ತಿರುವುದನ್ನು ನೋಡಿ ಅವಳು ಅಳಲಿಲ್ಲ, ಬೈಯಲಿಲ್ಲ.

"ಯಾವುದ್ರೀ ನಮ್ಮ ಹುಡುಗೀದು? ನೀರು ಅಲ್ಲೀತನಕ ಏರೋದ್ರಾಗ ಒಮ್ಮೆ ತೋರಸ್ರಿ."

ರಾಜಾಸಾಬ್ ಕೈಯೆತ್ತಿದ. ಕೈ ಹಳ್ಳದ ಅಂಚು ದಾಟಿ, ದಂಡೆ ದಾಟಿ, ಮೇಲೆ ದಿಬ್ಬದ ಬೇವಿನ ಗಿಡದವರೆಗೆ ಹೋಯಿತು. ಅಲ್ಲಿದ್ದದ್ದು ಎಂದೋ ತೀರಿಹೋದ, ಹಿಂದೆ ಮುಂದೆ ಯಾರೂ ಇಲ್ಲದ ಹಮಾಲಿಯೊಬ್ಬನ ಗೋರಿ.

"ಅಗಾ ಅಲ್ಲಿ. ಗಿಡದ ಬುಡಕ್ಕ."

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಅಷ್ಟು ಎತ್ತರದಾಗ? ಹಳ್ಳದ ದಂಡಿಗೆ ಅಂತ ಯಾರೋ ಅಂದಂಗಿತ್ತು..."

"ಇಲ್ಲವ್ವಾ," ಎಂದ ಶಿವಯೋಗಪ್ಪ, ತಲೆಯೆತ್ತದೆ. "ಬೇವಿನ ಗಿಡದ ಬುಡಕ್ಕ. ನಾನೂ ಒಂದು ಹಿಡಿ ಮಣ್ಣು ಹಾಕೀನಿ."

"ಛಲೋ ಆತು. ಅಲ್ಲೀತನಕ ನೀರು ಬರಂಗಿಲ್ಲ, ಅಲ್ರೀ?"

"ಬರಂಗಿಲ್ಲ," ಎಂದ ರಾಜಾಸಾಬ್.

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬೇವಿನ ಗಿಡದ ಕಡೆ ತಿರುಗಿ ಎರಡೂ ಅಂಗೈ ಬಿಚ್ಚಿದಳು. ಮಳೆಹನಿ ಅವುಗಳಲ್ಲಿ ಬೀಳುತ್ತಿತ್ತು. ಶಿವಯೋಗಪ್ಪ ಮುಂದಿನ ಚೀಲದ ಒಂದು ಕಿವಿ ಹಿಡಿದು, ಇನ್ನೊಂದಕ್ಕೆ ರಾಜಾಸಾಬನ ಕೈ ಬರಲೆಂದು ಕಾಯುತ್ತ ನಿಂತ.